ಹಳೆಯ ಜೀಪಿನ ಮಡ್‌ಗಾರ್ಡು: ತಗಡೋ, ಫೈಬರೋ?

ಹಸ್ತ ಮಳೆ ಕಳೆದು ಬಿಸಿಲು ನೆಲಕ್ಕೆ ಬಿದ್ದ ಮೇಲೆ ನಮ್ಮ ಕಡೆಯ ಹಳೆಯ ಜೀಪುಗಳೆಲ್ಲ ಒಂದೊಂದಾಗಿ ಮಾಡಿನಿಂದ ಹೊರಗೆ ಬರುತ್ತವೆ. ಕೊನೆ ಕೊಯ್ಲಿಗೆ ಮೊದಲು ಗಾಡಿಯನ್ನು ಒಮ್ಮೆ ತೊಳೆದು ನೋಡುವುದು ವಾಡಿಕೆ. ಆಗ ಮುಂದಿನ ಮಡ್‌ಗಾರ್ಡಿನ ಹಿಂಬದಿಯ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿದವರ ಮುಖ ಸಪ್ಪಗಾಗುತ್ತದೆ. ಮೇಲೆ ಬಣ್ಣ ನೆಟ್ಟಗಿರುತ್ತದೆ, ಒಳಗೆ ತಗಡೇ ಇರುವುದಿಲ್ಲ. ಹಪ್ಪಳ ಮುರಿದಂತೆ ಮುರಿದು ಕೈಗೆ ಬರುತ್ತದೆ. ಸಂಘದ ಗೋದಾಮಿನ ಅಂಗಳದಲ್ಲಿ ಅಡಿಕೆ ಇಳಿಸಲು ಬಂದ ಸದಸ್ಯರು ಒಬ್ಬರನ್ನೊಬ್ಬರು ಮೊದಲು ಕೇಳುವುದು ಧಾರಣೆಯನ್ನು, ಅದಾದ ಮೇಲೆ ಹಳೆಯ ಜೀಪು ಇಟ್ಟುಕೊಂಡವರು ಕೇಳುವುದು, "ನೀವು ಮಡ್‌ಗಾರ್ಡಿಗೆ ಏನು ಮಾಡಿದಿರಿ? ತಗಡೇ ಹಾಕಿಸಿದಿರೋ, ಫೈಬರ್ ತಂದಿರೋ?" ಎಂದು. ಈ ಪ್ರಶ್ನೆಗೆ ಎರಡೂ ಕಡೆ ಕೈ ಸುಟ್ಟುಕೊಂಡವನಾಗಿ ನನ್ನ ಅಭಿಪ್ರಾಯವನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇನೆ.

ಜೀಪಿಗೂ ಮಲೆನಾಡಿಗೂ ಇರುವ ನಂಟನ್ನು ವಿವರಿಸಬೇಕಾಗಿಲ್ಲ. 1941ರ ಸುಮಾರಿಗೆ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಗಾಡಿ ಇದು. ಯುದ್ಧ ಮುಗಿದ ಮೇಲೆ ನಮ್ಮ ದೇಶದಲ್ಲಿ ಮಹೀಂದ್ರಾ ಕಂಪನಿಯವರು ವಿಲ್ಲೀಸ್ ಕಂಪನಿಯ ಬಿಡಿಭಾಗಗಳನ್ನು ತರಿಸಿ ಜೋಡಿಸಲಾರಂಭಿಸಿದರು, ಮುಂದೆ ಇಲ್ಲಿಯೇ ತಯಾರಿಸಿದರು. ಎತ್ತರದ ಬಾನೆಟ್ಟು, ಚಪ್ಪಟೆ ಮಡ್‌ಗಾರ್ಡು ಇರುವ ಸಿಜೆ-3ಬಿ ಮಾದರಿ ನಮ್ಮ ಮೂರು ತಾಲೂಕುಗಳ ತೋಟದ ಮನೆಗಳಲ್ಲಿ ಹೆಚ್ಚು ಕಂಡದ್ದು. ಟಾರು ಬಾರದ ಕಾಲದಲ್ಲಿ ಗೊಬ್ಬರ ಹೊತ್ತದ್ದು, ಅಡಿಕೆ ಮೂಟೆ ಹೊತ್ತದ್ದು, ನಡುರಾತ್ರಿ ಹೆರಿಗೆ ನೋವಿನ ಹೆಂಗಸರನ್ನು ಪೇಟೆಯ ಆಸ್ಪತ್ರೆಗೆ ಮುಟ್ಟಿಸಿದ್ದು ಇದೇ ಗಾಡಿ. ಸಾಗರದ ಮಾರಿಕಾಂಬಾ ಜಾತ್ರೆಗೆ ಹೋಗುವಾಗ ಒಳಗೆ ಹೆಂಗಸರು ಮಕ್ಕಳು ತುಂಬಿದ ಮೇಲೆ ಇಬ್ಬರು ಹುಡುಗರು ಈ ಚಪ್ಪಟೆ ಮಡ್‌ಗಾರ್ಡಿನ ಮೇಲೆಯೇ ಕೂತು ಹೋಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಹಾಗೆ ಮಾಡಬಾರದಿತ್ತು, ಮಾಡುತ್ತಿದ್ದೆವು. ಆ ತಗಡು ಅಷ್ಟು ಗಟ್ಟಿಯಿತ್ತು.

ನಮ್ಮ ಮನೆಯ ಜೀಪು 1968ರಲ್ಲಿ ತೀರ್ಥರೂಪರು ಕೊಂಡದ್ದು. 2012ರ ಹೊತ್ತಿಗೆ ಅದರ ಎರಡೂ ಮಡ್‌ಗಾರ್ಡುಗಳು ಹೆಸರಿಗೆ ಮಾತ್ರ ಉಳಿದಿದ್ದವು. ಬೆಂಗಳೂರಿನಲ್ಲಿರುವ ಮಗ, "ಅಪ್ಪಯ್ಯ, ಫೈಬರ್ ಹಾಕಿಸು, ಇನ್ನು ಮೇಲೆ ತುಕ್ಕಿನ ಮಾತೇ ಇಲ್ಲ" ಎಂದ. ಬೆಲೆಯೂ ಹಗುರ, ತೂಕವೂ ಹಗುರ. ದೂರದ ಪೇಟೆಯಿಂದ ಒಂದು ಜೊತೆ ತರಿಸಿ, ಹಳೆಯ ತೂತುಗಳಿಗೇ ಬೋಲ್ಟು ಬಿಗಿಸಿ, ಬಣ್ಣ ಹೊಡೆಸಿದೆವು. ನೋಡಲು ಹೊಸ ಗಾಡಿಯೇ. ಏಳು ಮಳೆಗಾಲ ಕಳೆದು 2019ರಲ್ಲಿ ಬೇರೆ ಕೆಲಸಕ್ಕಾಗಿ ಅವನ್ನು ಬಿಚ್ಚಿದಾಗ ಫೈಬರಿಗೆ ಏನೂ ಆಗಿರಲಿಲ್ಲ. ಆದರೆ ಅದು ಕೂತಿದ್ದ ಬಾಡಿಯ ಅಂಚು, ಅದನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿ, ಕಾಲಿಡುವ ಜಾಗದ ತಗಡು ಎಲ್ಲವೂ ಒಳಗಿಂದೊಳಗೇ ತಿಂದುಹೋಗಿದ್ದವು. ಸಾಗರದ ಹಳೆಯ ಟಿಂಕರ್ ಮೇಸ್ತ್ರಿಯೊಬ್ಬರು ಅದನ್ನು ನೋಡಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಸ್ವಾಮೀ, ಗಾಡಿಗೆ ಅಂಗಿ ಬದಲಾಯಿಸಿದಿರಿ, ಒಳಗಿನ ಗಾಯಕ್ಕೆ ಮದ್ದು ಹಾಕಲಿಲ್ಲ."

ನಾನು ಹೇಳಬೇಕೆಂದಿರುವುದೂ ಇಷ್ಟೇ. ಮಡ್‌ಗಾರ್ಡು ಕೊಳೆಯುವುದು ತಗಡಿನ ಗುಣದಿಂದ ಮಾತ್ರ ಅಲ್ಲ. ಅದರ ಮಡಿಕೆಯಲ್ಲಿ ಕೆಸರು ನಿಂತು ಒಣಗದೆ ಇರುವುದರಿಂದ. ಆ ಕೆಸರನ್ನು ಹಾಗೆಯೇ ಬಿಟ್ಟು ಫೈಬರ್ ಹಾಕಿದರೆ ತುಕ್ಕು ಹೋಗುವುದಿಲ್ಲ, ನಮ್ಮ ಕಣ್ಣಿಗೆ ಬೀಳದ ಜಾಗಕ್ಕೆ ಸರಿಯುತ್ತದೆ.

ನಮ್ಮ ಮಳೆಯ ಲೆಕ್ಕ ಎಲ್ಲರಿಗೂ ತಿಳಿದದ್ದೇ. ತೀರ್ಥಹಳ್ಳಿ ತಾಲೂಕಿನ ಆಗುಂಬೆ, ಹೊಸನಗರ ತಾಲೂಕಿನ ಹುಲಿಕಲ್ಲು ಇವು ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು, ಅಂದರೆ ನಮ್ಮ ಹಳೆಯ ಲೆಕ್ಕದಲ್ಲಿ 275 ಇಂಚಿನಷ್ಟು ಮಳೆ ಕಾಣುವ ಊರುಗಳು. ಆದರೆ ಮಳೆಯ ನೀರು ಹರಿದು ಹೋದರೆ ತಗಡಿಗೆ ಅಷ್ಟು ಅಪಾಯವಿಲ್ಲ. ಚಕ್ರ ಎರಚಿದ ಕೆಸರು, ತರಗೆಲೆ, ಅಡಿಕೆ ಸಿಪ್ಪೆಯ ನಾರು ಮಡ್‌ಗಾರ್ಡಿನ ಹಿಂದಿನ ಮೂಲೆಯಲ್ಲಿ ಕೂತು ಮುದ್ದೆಯಾಗುತ್ತದಲ್ಲ, ಅಪಾಯವಿರುವುದು ಅಲ್ಲಿ. ಜೇಷ್ಠದಲ್ಲಿ ನೆನೆದ ಮುದ್ದೆ ದೀಪಾವಳಿಯವರೆಗೂ ಆರುವುದಿಲ್ಲ.

ಇದರ ಜೊತೆಗೆ ಬೇರೆ ಊರಿನ ಜೀಪುಗಳಿಗೆ ಇಲ್ಲದ ಒಂದು ಶತ್ರು ನಮ್ಮ ಜೀಪುಗಳಿಗಿದೆ. ಅದು ಮೈಲುತುತ್ತ. ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ಹೊಡೆಯುವುದನ್ನು ನಮ್ಮ ಹಿರಿಯರು ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಸಾಹೇಬರ ಕಾಲದಿಂದ ಕಲಿತವರು. ಕೊಳೆರೋಗದ ಬಗ್ಗೆ ಅವರ ವರದಿ ಬಂದದ್ದು 1910ರಲ್ಲಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಮನೆಯ ಮಕ್ಕಳಿಗೂ ಬಾಯಿಪಾಠ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದೆಂಬುದೂ ಗೊತ್ತು. ಮಿಶ್ರಣ ಹದವಾಗಿದೆಯೋ ಇಲ್ಲವೋ ನೋಡಲು ನಾವು ಏನು ಮಾಡುತ್ತೇವೆ? ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತೇವೆ. ಕೆಂಪಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಹಾಕುತ್ತೇವೆ. ಅಲಗಿನ ಮೇಲೆ ತಾಮ್ರ ಕೂತಿತು ಎಂದರೆ ಅಷ್ಟು ಕಬ್ಬಿಣ ಕರಗಿ ನೀರಿಗೆ ಹೋಯಿತು ಎಂದೇ ಅರ್ಥ. ಕತ್ತಿಗೆ ಆಗುವುದೇ ಜೀಪಿಗೂ ಆಗುತ್ತದೆ. ಮೈಲುತುತ್ತದ ಚೀಲ, ಕದಡಿದ ಡ್ರಮ್ಮು ಹೊತ್ತು ತೋಟದ ದಾರಿಯಲ್ಲಿ ಕುಲುಕುತ್ತಾ ಹೋಗುವಾಗ ಚೆಲ್ಲಿದ ನೀಲಿ ನೀರು ಬಾಡಿಯ ಸಂದಿಗಳಲ್ಲಿ ಇಳಿದು ಅದೇ ಕೆಲಸ ಮಾಡುತ್ತದೆ. ಪೊಟ್ಯಾಷ್ ಗೊಬ್ಬರವೂ ಒಂದು ಬಗೆಯ ಉಪ್ಪೇ. ಹರಿದ ಚೀಲದಿಂದ ಉದುರಿದ್ದು ತೇವಕ್ಕೆ ಕರಗಿ ತುಕ್ಕಿಗೆ ಕಾವು ಕೊಡುತ್ತದೆ.

ಹಾಗಾದರೆ ಉಪ್ಪಿಗೂ ತುತ್ತಕ್ಕೂ ಜಗ್ಗದ ಫೈಬರೇ ಒಳ್ಳೆಯದಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೊಸದು ಎಂಬ ಕಾರಣಕ್ಕೆ ನಾನು ಫೈಬರನ್ನು ಬೇಡ ಎನ್ನುತ್ತಿಲ್ಲ. ಕರಡದ ಕೊಟ್ಟೆ ಬಿಟ್ಟು ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದವರು ನಾವು. ಈಗ ಕೆಲವು ವರ್ಷಗಳಿಂದ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲಿ ನಿಂತೇ ಕೊನೆ ತೆಗೆಯುವುದನ್ನೂ ಕಲಿತಿದ್ದೇವೆ. ಆ ದೋಟಿಯ ದಾಯಾದಿಯೇ ಈ ಮಡ್‌ಗಾರ್ಡಿನ ಫೈಬರು. ಅಲ್ಲಿ ಇಂಗಾಲದ ಎಳೆ, ಇಲ್ಲಿ ಗಾಜಿನ ಎಳೆ. ಗಾಜಿನ ಎಳೆಯ ಚಾಪೆಯನ್ನು ಅಚ್ಚಿನ ಮೇಲೆ ಹಾಸಿ, ರಾಳದಂಥ ದ್ರವವನ್ನು ಗಟ್ಟಿಯಾಗಿಸುವ ಮದ್ದು ಬೆರೆಸಿ ಬಳಿದು, ಪದರದ ಮೇಲೆ ಪದರ ಕೂರಿಸುತ್ತಾರೆ. ಚೆನ್ನಾಗಿ ಮಾಡಿದ್ದು ಬಹಳ ಕಾಲ ಬಾಳುತ್ತದೆ.

ಆದರೆ ಲೆಕ್ಕ ಸರಿಯಾಗಿ ಹಾಕಬೇಕು. ಬಗ್ಗದೆ ನಿಲ್ಲುವ ಗುಣದಲ್ಲಿ ಈ ಬಗೆಯ ಫೈಬರು ಉಕ್ಕಿನ ಇಪ್ಪತ್ತೈದರಲ್ಲಿ ಒಂದು ಪಾಲಿನಷ್ಟು ಮಾತ್ರ. ಆದ್ದರಿಂದ 18 ಗೇಜಿನ, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ ತಗಡಿನಷ್ಟೇ ಬಿಗಿಯಾಗಿ ನಿಲ್ಲಬೇಕಾದರೆ ಫೈಬರು ಅದರ ಮೂರು ಪಟ್ಟು, ಮೂರೂವರೆಯಿಂದ ನಾಲ್ಕು ಮಿಲಿಮೀಟರ್ ದಪ್ಪ ಇರಬೇಕು. ಅಷ್ಟು ದಪ್ಪ ಮಾಡಿದಾಗ ಒಂದು ಚದರ ಮೀಟರಿಗೆ ತಗಡು ಒಂಬತ್ತೂವರೆ ಕಿಲೋ ತೂಗಿದರೆ ಫೈಬರು ಐದೂವರೆ ಕಿಲೋ ತೂಗುತ್ತದೆ. ಎರಡು ಮಡ್‌ಗಾರ್ಡು ಸೇರಿ ಉಳಿಯುವ ತೂಕ ಒಂದೆರಡು ಹಸಿ ಅಡಿಕೆ ಕೊನೆಯಷ್ಟು. ತೋಟದ ಜೀಪಿಗೆ ಇದು ಲಾಭವೇ? ಅಗ್ಗವಾಗಿ ಸಿಗುವ ಎಷ್ಟೋ ಫೈಬರು ಎರಡು ಮಿಲಿಮೀಟರ್ ಕೂಡ ಇರುವುದಿಲ್ಲ. ಅದು ಹಾಳೆಯಂತೆ ಅದುರುತ್ತದೆ, ಅದುರಿದ್ದು ಬೋಲ್ಟಿನ ಸುತ್ತ ಸೀಳುತ್ತದೆ. ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಹತ್ತುವ ಜೀಪುಗಳ ದಾರಿಯನ್ನು ಕಂಡವರಿಗೆ ಅದುರುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯಿದೆ. ಈ ಚಪ್ಪಟೆ ಜೀಪುಗಳಲ್ಲಿ ಮಡ್‌ಗಾರ್ಡು ಕೆಸರು ತಡೆಯುವ ಮುಚ್ಚಳ ಮಾತ್ರವಲ್ಲ. ರೇಡಿಯೇಟರಿನ ಮುಂದಿನ ಜಾಲರಿಯನ್ನು ಎಡಬಲದಿಂದ ಹಿಡಿದು ನಿಲ್ಲಿಸುವುದರಲ್ಲಿ ಅದಕ್ಕೂ ಪಾಲಿದೆ. ಅದು ಸಡಿಲವಾದರೆ ಮುಂಭಾಗವೆಲ್ಲ ತೂಗಾಡುತ್ತದೆ. ಮೇಲಿರುವ ಸಣ್ಣ ದೀಪಗಳಿಗೆ ಅರ್ತು ಸಿಗುವುದೂ ತಗಡಿನ ಮೂಲಕವೇ. ಫೈಬರ್ ಹಾಕಿದ ಮೇಲೆ ದೀಪ ಹತ್ತುವುದಿಲ್ಲವೆಂದು ಬಲ್ಬು ಬದಲಾಯಿಸುತ್ತಾ ಕೂತವರನ್ನು ನೋಡಿದ್ದೇನೆ. ಬೇಕಾದದ್ದು ಬಲ್ಬಲ್ಲ, ಬೇರೆಯೇ ಒಂದು ಅರ್ತು ತಂತಿ.

ತಗಡಿನ ಪರವಾಗಿ ನಾನು ಹೇಳುವ ದೊಡ್ಡ ಕಾರಣ ಬೇರೆ. ನಮ್ಮ ಜೀಪಿನ ಮಡ್‌ಗಾರ್ಡು ಚಪ್ಪಟೆ. ಒಂದು ಸಮತಟ್ಟು ಹಾಳೆ, ಮುಂದೆ ಒಂದು ಬಾಗು, ಅಂಚಿಗೆ ಒಂದು ಮಡಿಕೆ, ಪಕ್ಕಕ್ಕೆ ಒಂದು ತುಂಡು. ಕೈ ಪಳಗಿದ ಟಿಂಕರ್ ಮೇಸ್ತ್ರಿ ಸುತ್ತಿಗೆ, ಕತ್ತರಿ, ವೆಲ್ಡಿಂಗ್ ಇಷ್ಟರಲ್ಲೇ ಅದನ್ನು ನಮ್ಮ ಪೇಟೆಯಲ್ಲೇ ಮಾಡಬಲ್ಲರು. 2014ರವರೆಗೆ ತಯಾರಾಗುತ್ತಿದ್ದ ಅಂಬಾಸಿಡರ್ ಅಥವಾ ಅದಕ್ಕಿಂತ ಹಳೆಯ ಮಾರಿಸ್ ಕಾರಿನ ಮಡ್‌ಗಾರ್ಡು ಹಾಗಲ್ಲ. ಅದು ಎಲ್ಲ ದಿಕ್ಕಿಗೂ ಉಬ್ಬಿದ ಕುಂಬಳಕಾಯಿಯ ಹಾಗೆ. ಅದನ್ನು ಕೈಯಿಂದ ಹೊಡೆದು ತೆಗೆಯುವವರು ವಿರಳ. ಅಂಥ ಗಾಡಿಗೆ ಹಳೆಯ ತಗಡು ಎಲ್ಲೂ ಸಿಗದೆ ಹೋದರೆ ಫೈಬರ್ ಹಾಕಿಸಿದವರನ್ನು ನಾನು ತಪ್ಪೆನ್ನಲಾರೆ. ಆದರೆ ಮಾಡಬಲ್ಲವರು ಪಕ್ಕದಲ್ಲೇ ಇರುವಾಗ, ಮಾಡಲು ಸುಲಭವಾದ ವಸ್ತುವಿಗೆ, ದೂರದಿಂದ ಫೈಬರ್ ತರಿಸುವುದು ಮನೆಯ ಬಾವಿ ಬಿಟ್ಟು ಊರಾಚೆಯ ಹೊಳೆಗೆ ಕೊಡ ಒಯ್ದ ಹಾಗೆ.

ಮೂಲ ರೂಪದ ಪ್ರಶ್ನೆಯೂ ಇದೆ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಬಾಡಿಗೆಗಲ್ಲದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಅವಕಾಶ ಮಾಡಿತು. ಹೊಸ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ. ಅದಕ್ಕೆ ಷರತ್ತು ಏನೆಂದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೀಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ದುರಸ್ತಿಗೆ ಮತ್ತು ಎಣ್ಣೆ ತುಂಬಿಸಲು ಒಯ್ಯಬಹುದೇ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆದ್ದರಿಂದ ಗೊಬ್ಬರ ಹೊರುವ ಜೀಪಿನ ಯಜಮಾನರು ಈ ದಾರಿಗೆ ಹೋಗಬೇಕಾಗಿಲ್ಲ. ಆದರೆ ಅಜ್ಜನ ಜೀಪನ್ನು ಮುಂದೆ ಕಾಪಾಡಿ ಇಡಬೇಕೆಂಬ ಆಸೆಯಿದ್ದವರು ಇವತ್ತೇ ಯೋಚಿಸಬೇಕು. ಬರೀ ಮಡ್‌ಗಾರ್ಡು ಬದಲಾದರೆ ಅದು ದೊಡ್ಡ ಮಾರ್ಪಾಡೇ ಎಂದು ವಾದಿಸಬಹುದು ನಿಜ. ವಾದಕ್ಕೆ ಎಡೆಯೇ ಇಲ್ಲದಂತೆ ಇಟ್ಟುಕೊಳ್ಳುವುದು ಲೇಸು. ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿಟ್ಟಿರುವ ಹಳೆಯ ಕಾರುಗಳ ಮುಂದೆ ನಿಂತಾಗ ನಮ್ಮನ್ನು ಹಿಡಿದು ನಿಲ್ಲಿಸುವುದು ಅವುಗಳ ಹೊಳಪಲ್ಲ. ಅಂದು ಓಡಿದ ಗಾಡಿಯೇ ಇದು ಎಂಬ ನಂಬಿಕೆ.

ಮೂಲ ಎಂದರೆ ಯಾವಾಗಲೂ ಉಕ್ಕು ಎಂದು ತಿಳಿಯಬಾರದು. ಅಮೆರಿಕದಲ್ಲಿ 1953ರಲ್ಲಿ ಬಂದ ಷೆವರ್ಲೆ ಕಾರ್ವೆಟ್ ಕಾರಿನ ಮೈಯೆಲ್ಲ ಫೈಬರು. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಸಿಪಾನಿ ಕಂಪನಿಯವರು 1982ರಲ್ಲಿ ತಂದ ಡಾಲ್ಫಿನ್ ಎಂಬ ಪುಟ್ಟ ಕಾರಿಗೂ ಫೈಬರಿನ ಮೈಯೇ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. 1983ರ ಕೊನೆಗೆ ಮಾರುತಿ ಬಂದ ಮೇಲೆ ಅದರ ಓಟ ಹೆಚ್ಚು ಕಾಲ ನಡೆಯಲಿಲ್ಲ. ಇಂದು ಯಾರಾದರೂ ಒಂದು ಡಾಲ್ಫಿನ್ ಇಟ್ಟುಕೊಂಡಿದ್ದರೆ ಅದಕ್ಕೆ ತಗಡಿನ ಮಡ್‌ಗಾರ್ಡು ಹಾಕಿಸುವುದೇ ತಪ್ಪು. ಗಾಡಿ ಯಾವುದರಿಂದ ಹುಟ್ಟಿತೋ ಅದರಿಂದಲೇ ಅದನ್ನು ಸರಿಪಡಿಸುವುದು ಧರ್ಮ. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗಿಸಿದ ಜಿಲ್ಲೆಯವರೆಂಬ ಅಭಿಮಾನದಿಂದ ನಾನು ತಗಡಿನ ಪರ ವಾದಿಸುತ್ತಿಲ್ಲ. ನಮ್ಮ ಜೀಪು ಹುಟ್ಟಿದ್ದು ತಗಡಿನಲ್ಲಿ ಎಂಬುದಕ್ಕಾಗಿ ವಾದಿಸುತ್ತಿದ್ದೇನೆ.

ತಗಡು ಹಾಕಿಸುವವರು ನೆನಪಿಡಬೇಕಾದ ಕೆಲವು ಮಾತುಗಳನ್ನು ನನ್ನ ಅನುಭವದಿಂದ ಹೇಳುತ್ತೇನೆ. 18 ಗೇಜಿಗಿಂತ ತೆಳ್ಳಗಿನ ಶೀಟಿಗೆ ಒಪ್ಪಬೇಡಿ. ಕೊಳೆತ ಭಾಗದ ಮೇಲೆ ಪುಟ್ಟಿ ಮೆತ್ತಿ ಮುಚ್ಚಲು ಬಿಡಬೇಡಿ. ಹಸನಾದ ತಗಡು ಸಿಗುವವರೆಗೆ ಕತ್ತರಿಸಿ ತೆಗೆಸಿ. ಜಿಐ ಶೀಟು ಹಾಕಿದರೆ ತುಕ್ಕೇ ಹಿಡಿಯದು ಎನ್ನುವವರಿದ್ದಾರೆ. ವೆಲ್ಡಿಂಗ್ ಮಾಡಿದ ಕಡೆ ಅದರ ಸತುವು ಸುಟ್ಟುಹೋಗುತ್ತದೆ, ಆ ಹೊಗೆ ಮೇಸ್ತ್ರಿಯ ಎದೆಗೂ ಕೆಟ್ಟದ್ದು, ಮೇಲಾಗಿ ಅದರ ಮೇಲೆ ಸಾದಾ ಬಣ್ಣ ನಿಲ್ಲದು. ಗಾಡಿಯ ಮೇಲೆಯೇ ವೆಲ್ಡಿಂಗ್ ಮಾಡುವುದಾದರೆ ಬ್ಯಾಟರಿಯ ತಂತಿ ಬಿಚ್ಚಿಡಿ. ಎರಡು ತಗಡು ಕೂಡುವ ಸಂದಿಗೆ, ಅಂಚಿನ ಮಡಿಕೆಗೆ, ಜೋಡಿಸುವ ಮೊದಲೇ ಪ್ರೈಮರ್ ಬಳಿಯಿರಿ. ಜೋಡಿಸಿದ ಮೇಲೆ ಅಲ್ಲಿಗೆ ಬ್ರಷ್ಷು ಹೋಗದು. ಮುಖ್ಯವಾಗಿ ಹೊರಗಿನ ಬಣ್ಣಕ್ಕಿಂತ ಅಡಿಯ ಬಣ್ಣಕ್ಕೆ ಹೆಚ್ಚು ಖರ್ಚು ಮಾಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ತುತ್ತ ಹೊತ್ತ ದಿನ ತಪ್ಪದೆ, ಔಷಧಿ ಹೊಡೆಯುವ ಪಂಪಿನ ಟ್ಯಾಂಕಿಯನ್ನು ತೊಳೆದು ಶುದ್ಧ ನೀರು ತುಂಬಿಸಿ ಮಡ್‌ಗಾರ್ಡಿನ ಒಳಮೂಲೆಗೆ ಹೊಡೆಯಿರಿ. ಹತ್ತು ನಿಮಿಷದ ಕೆಲಸ. ಈ ಹತ್ತು ನಿಮಿಷ ಕೊಡದವನಿಗೆ ತಗಡೂ ಉಳಿಯದು, ಫೈಬರಿನ ಹಿಂದಿರುವ ಬಾಡಿಯೂ ಉಳಿಯದು.

ಫೈಬರೇ ಸೈ ಎಂದು ನಿರ್ಧರಿಸಿದವರಿಗೂ ಒಂದೆರಡು ಮಾತು. ಕೊಳ್ಳುವ ಮೊದಲು ಹಿಂಬದಿ ತಿರುಗಿಸಿ ನೋಡಿ. ರಾಳ ಹೀರದೆ ಬೆಳ್ಳಗೆ ಒಣಗಿ ನಿಂತ ಎಳೆಗಳು ಕಂಡರೆ ಬಿಟ್ಟುಬಿಡಿ. ತಿಂಗಳಾದರೂ ಘಾಟು ವಾಸನೆ ಹೋಗದಿದ್ದರೆ ಅದು ಸರಿಯಾಗಿ ಗಟ್ಟಿಯಾಗಿಲ್ಲ ಎಂದರ್ಥ. ಥಂಡಿ ಮಳೆಗಾಲದಲ್ಲಿ ಎರಕ ಮಾಡಿಸಬೇಡಿ. ಬೋಲ್ಟಿಗೆ ಅಗಲದ ವಾಷರ್ ಮತ್ತು ರಬ್ಬರು ಇಟ್ಟು ಬಿಗಿಸಿ. ಎಲ್ಲಕ್ಕಿಂತ ಹೆಚ್ಚಾಗಿ, ಕೂರಿಸುವ ಮೊದಲು ಬಾಡಿಯ ಅಂಚಿನ ತುಕ್ಕನ್ನು ಬುಡಸಹಿತ ತೆಗೆಸಿ, ಮತ್ತು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ನಾನು ಮಾಡದೆ ಕೆಟ್ಟದ್ದು ಇದೇ ಎರಡು ಕೆಲಸ. ತೆಗೆದ ಹಳೆಯ ಮಡ್‌ಗಾರ್ಡನ್ನು, ಅದೆಷ್ಟೇ ತೂತಾಗಿರಲಿ, ಗುಜರಿಗೆ ಹಾಕಬೇಡಿ. ಮುಂದೆ ತಗಡಿನಲ್ಲಿ ಮಾಡಿಸಬೇಕೆನಿಸಿದಾಗ ಅಳತೆಗೆ ಇರುವುದು ಅದೊಂದೇ.

ನನ್ನ ನಿಜವಾದ ಚಿಂತೆ ಬೇರೆಯೇ ಇದೆ. 2019ರಲ್ಲಿ ನನ್ನ ಜೀಪಿಗೆ ತಗಡಿನ ಮಡ್‌ಗಾರ್ಡು ಮಾಡಿಕೊಟ್ಟ ಮೇಸ್ತ್ರಿಗೆ ಈಗ ಎಪ್ಪತ್ತು ದಾಟಿದೆ. ಹಾಳೆಯನ್ನು ನೆಲಕ್ಕೆ ಹಾಸಿ, ಹಳೆಯದನ್ನು ಮೇಲಿಟ್ಟು ಗೆರೆ ಎಳೆದು, ಮರದ ಸುತ್ತಿಗೆಯಿಂದ ಮುಂದಿನ ಬಾಗನ್ನು ಸ್ವಲ್ಪ ಸ್ವಲ್ಪವಾಗಿ ತಂದದ್ದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. "ಯಾರಿಗಾದರೂ ಕಲಿಸಿದ್ದೀರಾ?" ಎಂದು ಕೇಳಿದೆ. "ಕಲಿಯೋಕೆ ಕೆಲಸ ಬರಬೇಕಲ್ಲ ಸ್ವಾಮೀ, ಎಲ್ಲರೂ ರೆಡಿ ತರಿಸ್ತಾರೆ" ಎಂದರು. ನಾವು ಕೊನೆಗಾರರು ಸಿಗುತ್ತಿಲ್ಲ ಎಂದು ಗೋಳಾಡುತ್ತೇವೆ. ಸಿಗದೆ ಹೋದದ್ದು ಒಂದೇ ದಿನದಲ್ಲಲ್ಲ. ಈ ಕೈಕೆಲಸವೂ ಅದೇ ದಾರಿ ಹಿಡಿದಿದೆ. ನಾಳೆ ಜೀಪಿನ ಮಡ್‌ಗಾರ್ಡು ಮಾತ್ರವಲ್ಲ, ಟಿಲ್ಲರಿನ ಟ್ರೈಲರು, ಅಡಿಕೆ ಬೇಯಿಸುವ ಒಲೆಯ ತಗಡು ಇವಕ್ಕೂ ನಾವು ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಬೇಕಾದೀತು.

ಆದುದರಿಂದ ಸಂಘದ ಮುಂದೆ ನನ್ನದೊಂದು ಸಲಹೆ. ಹಳೆಯ ಜೀಪು ಇರುವ ಸದಸ್ಯರು ತಮ್ಮ ಹೆಸರನ್ನು ಕಚೇರಿಯಲ್ಲಿ ಬರೆಸಲಿ. ಅವರಲ್ಲಿ ಯಾರ ಬಳಿ ಕೆಡದ ಮಡ್‌ಗಾರ್ಡಿದೆಯೋ ಅದರಿಂದ ಎಡಕ್ಕೊಂದು ಬಲಕ್ಕೊಂದು ಅಳತೆಯ ತಗಡನ್ನು ಕತ್ತರಿಸಿ ಸಂಘದಲ್ಲಿ ಇಡಲಿ. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಮುಗಿದ ಮೇಲೆ, ರೋಹಿಣಿ ಮಳೆಗೆ ಮೊದಲು, ಗೋದಾಮಿನ ಖಾಲಿ ಅಂಗಳದಲ್ಲಿ ಹತ್ತು ದಿನ ಮೇಸ್ತ್ರಿಯನ್ನು ಕರೆಸಿ, ಜೊತೆಗೆ ಕಲಿಯುವ ಮನಸ್ಸಿನ ಇಬ್ಬರು ಹುಡುಗರನ್ನು ನಿಲ್ಲಿಸಿ, ಸರದಿಯ ಮೇಲೆ ಕೆಲಸ ಮಾಡಿಸೋಣ. ಶೀಟನ್ನು ಒಟ್ಟಾಗಿ ತರಿಸಿದರೆ ಖರ್ಚೂ ಕಡಿಮೆ. ಹುಡುಗರ ಕೂಲಿಯಲ್ಲಿ ಒಂದು ಪಾಲನ್ನು ಜೀಪಿನವರೇ ಹೊರಲಿ. ಮೊದಲ ಪಾಲು ನನ್ನದು. ಸಂಘ ಎಂದು ಕಟ್ಟಿಕೊಂಡದ್ದು ಅಡಿಕೆ ಮಾರುವುದಕ್ಕೆ ಮಾತ್ರವಲ್ಲ, ಒಬ್ಬನಿಂದಾಗದ್ದನ್ನು ಹತ್ತು ಜನ ಸೇರಿ ಮಾಡುವುದಕ್ಕೆ.

ನನ್ನ ಅಭಿಪ್ರಾಯವೇ ಕೊನೆಯ ಮಾತೆಂದು ನಾನು ಹೇಳುವುದಿಲ್ಲ. ಫೈಬರ್ ಹಾಕಿಸಿ ಇಪ್ಪತ್ತು ಮಳೆಗಾಲ ನೆಮ್ಮದಿಯಿಂದ ಕಳೆದ ಸದಸ್ಯರಿದ್ದರೆ, ಅವರು ಬಾಡಿಯ ಅಂಚನ್ನೊಮ್ಮೆ ಬಿಚ್ಚಿ ನೋಡಿ, ಕಂಡದ್ದನ್ನು ಮುಂದಿನ ಸಂಚಿಕೆಗೆ ಬರೆದು ಕಳಿಸಲಿ. ನನ್ನ ಮಾತು ತಪ್ಪೆಂದು ತೋರಿಬಂದರೆ ಇದೇ ಪುಟದಲ್ಲಿ ಒಪ್ಪಿಕೊಳ್ಳುತ್ತೇನೆ.

— ಸಾಗರ ತಾಲೂಕಿನ ಒಬ್ಬ ಸದಸ್ಯ